ಕಾರಿಗೆ ಆಗದ ನೀರು

ಐಮಂಗಲದ ಹತ್ತಿರ ಹೆದ್ದಾರಿ ಬಿಟ್ಟು ಒಳಕ್ಕೆ ಹೊರಳಿದರೆ ಸಿಗುವ ಕೆಂಚನಹಟ್ಟಿಯಲ್ಲಿ ನೀರುಗಂಟಿ ಚಿತ್ರಲಿಂಗಪ್ಪನಷ್ಟು ಬೈಸಿಕೊಂಡ ಮನುಷ್ಯ ಇನ್ನೊಬ್ಬನಿಲ್ಲ. ನೀರು ಬಿಟ್ಟರೆ ಬೇಗ ನಿಲ್ಲಿಸಿದ ಎಂದು ಬೈಗುಳ, ಬಿಡದಿದ್ದರೆ ಬಿಡಲಿಲ್ಲ ಎಂದು ಬೈಗುಳ. ಕೊಳವೆಬಾವಿ ಕೊರೆಸಿದವರು ಬೇರೆ, ಪೈಪಿನ ಗುತ್ತಿಗೆ ಹಿಡಿದವರು ಬೇರೆ, ಬಿಲ್ಲಿಗೆ ಸಹಿ ಹಾಕಿದವರು ಬೇರೆ. ಅವನ ಕೈಯಲ್ಲಿದ್ದದ್ದು ವಾಲ್ವ್ ತಿರುಗಿಸುವ ಒಂದು ಉದ್ದನೆಯ ಕಬ್ಬಿಣದ ಕೀಲಿ ಮಾತ್ರ. ಅಧಿಕಾರವೆಲ್ಲ ಅವರ ಕೈಗೆ, ಬೈಗುಳವೆಲ್ಲ ಇವನ ತಲೆಗೆ. ಇದನ್ನು ಭಾಷಣಗಳಲ್ಲಿ ಅಧಿಕಾರ ವಿಕೇಂದ್ರೀಕರಣ ಎನ್ನುತ್ತಾರೆ.

ಅವನ ಅಪ್ಪ, ತಾತ ಕುರಿ ಕಾದವರು. ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೋದಾಗ, ಗುರುತಿಲ್ಲದ ಕಟ್ಟೆ ಕಂಡರೆ ಆ ಮನೆತನದವರು ಮಂದೆಯನ್ನು ತಡೆದು ನಿಲ್ಲಿಸಿ, ಮೊದಲು ತಾವು ಒಂದು ಬೊಗಸೆ ಕುಡಿದು ನೋಡುತ್ತಿದ್ದರು. ನೀರು ನಾಲಿಗೆಗೆ ಒಪ್ಪಿದರೆ ಮಾತ್ರ ಕುರಿಗೆ. ಚಿತ್ರಲಿಂಗಪ್ಪನಿಗೆ ನೀರುಗಂಟಿ ಕೆಲಸ ಸಿಕ್ಕಿದ್ದೂ ಈ ಮಾತಿನ ಮೇಲೆಯೇ. ‘ನೀರು ನೋಡಿ ಕುಡಿಸೋ ವಂಶ ಅವರದು’ ಎಂದು ಯಾರೋ ಹೇಳಿದರು, ಪಂಚಾಯತಿಯವರು ಹೂಂ ಅಂದರು.

ಆ ಹಳೆಯ ಪದ್ಧತಿಗೆ ಪಂಚಾಯತಿ ಹೊಸ ಉಪಯೋಗ ಕಂಡುಕೊಂಡಿತು. ವರ್ಷಕ್ಕೊಮ್ಮೆ ಜಿಲ್ಲೆಯಿಂದ ಇಂಜಿನಿಯರ್ ಸಾಹೇಬರು ನೀರಿನ ತಪಾಸಣೆಗೆ ಬರುತ್ತಾರೆ. ಶಾಲೆಯ ಮುಂದಿನ ನಲ್ಲಿಯ ಹತ್ತಿರ ಕುರ್ಚಿ ಹಾಕುತ್ತಾರೆ. ಚಿತ್ರಲಿಂಗಪ್ಪ ಒಂದು ಚೊಂಬು ನೀರು ಹಿಡಿದು ಎಲ್ಲರೆದುರು ಗಟಗಟನೆ ಕುಡಿಯುತ್ತಾನೆ. ಫೋಟೋ ತೆಗೆಯುತ್ತಾರೆ. ಕುಡಿದವನು ನಿಂತಲ್ಲೇ ಬಿದ್ದು ಸಾಯದಿದ್ದರೆ ನೀರು ಶುದ್ಧ. ಆಮೇಲೆ ಸಾಹೇಬರು ತಮ್ಮ ಗಾಡಿಯಲ್ಲಿ ತಂದಿದ್ದ ಬಾಟಲಿಯ ಮುಚ್ಚಳ ತಿರುವಿ, ತಮ್ಮ ನೀರು ತಾವು ಕುಡಿದು, ಹೊರಡುತ್ತಾರೆ. ಇದರಲ್ಲಿ ತಪ್ಪೇನಿದೆ ಎಂದು ಚಿತ್ರಲಿಂಗಪ್ಪನಿಗೆ ಯಾವತ್ತೂ ಅನ್ನಿಸಿರಲಿಲ್ಲ. ಊರಿನ ನೀರಿಗೆ ಕೆಟ್ಟ ರುಚಿ ಇರಲಿಲ್ಲ. ಆ ನೀರಿನಲ್ಲಿದ್ದದ್ದು ನಾಲಿಗೆಗೆ ಸಿಕ್ಕಿಬೀಳುವಂಥ ಕಳ್ಳನಲ್ಲ. ಅದು ಹಂಡೆಯ ಒಳಗೆ ಸುಣ್ಣವಾಗಿ, ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಯಾಗಿ, ದೊಡ್ಡವರ ಕೀಲಿನಲ್ಲಿ ನೋವಾಗಿ ಕೂತಿತ್ತು. ಶುದ್ಧ ನೀರಿನ ಘಟಕವೆಂದು ಒಂದು ಕೋಣೆಯನ್ನೂ ಕಟ್ಟಿಸಿದ್ದರು. ಉದ್ಘಾಟನೆಯ ಫೋಟೋ ಪೇಪರಿನಲ್ಲಿ ಬರುವ ತನಕ ಅದರ ಯಂತ್ರ ಓಡಿತು. ತನ್ನ ಕರ್ತವ್ಯ ಮುಗಿಯಿತೆಂದು ಅದಕ್ಕೂ ಗೊತ್ತಾಗಿರಬೇಕು.

ಚಿತ್ರಲಿಂಗಪ್ಪನ ಹೆಂಡತಿ ಗಿರಿಯಮ್ಮನ ಮೊಣಕಾಲು ಎರಡು ವರ್ಷದಿಂದ ಮಡಚುತ್ತಿರಲಿಲ್ಲ. ಚಿತ್ರದುರ್ಗದ ಡಾಕ್ಟರು ವಾರಕ್ಕೊಮ್ಮೆ ಬಂದು ಕಾಲಿಗೆ ಶಾಖ ಕೊಡಿಸಿಕೊಂಡು, ವ್ಯಾಯಾಮ ಮಾಡಿಸಿಕೊಂಡು ಹೋಗಬೇಕೆಂದರು. ಬಿಟ್ಟರೆ ಇನ್ನು ಕೋಲು ಹಿಡಿದೂ ನಡೆಯಲಾರಳು ಎಂದರು. ಬಸ್ಸಿನ ಮೆಟ್ಟಿಲು ಅವಳಿಗೆ ದುರ್ಗದ ಕೋಟೆಗಿಂತ ಎತ್ತರ. ಇಬ್ಬರು ಮೇಲಿನಿಂದ ಎಳೆದು, ಒಬ್ಬರು ಕೆಳಗಿನಿಂದ ನೂಕಿ, ಕಂಡಕ್ಟರ್ ‘ಬೇಗ ಬೇಗ’ ಎಂದು ತಗಡು ಬಡಿಯುವುದನ್ನು ಮೂರು ಸಲ ಅನುಭವಿಸಿದ ಮೇಲೆ ‘ನಾನಿನ್ನ ಬರಲ್ಲ, ಹಿಂಗೇ ಕುಂತಲ್ಲೇ ಸಾಯ್ತೀನಿ’ ಎಂದು ಅವಳು ಗೋಡೆಗೆ ಮುಖ ತಿರುಗಿಸಿ ಮಲಗಿದಳು. ಆಗ ಚಿತ್ರಲಿಂಗಪ್ಪ ಉಳಿದಿದ್ದ ಕುರಿಗಳನ್ನೂ ಮಾರಿ, ಹೊಳಲ್ಕೆರೆಯ ನಿವೃತ್ತ ಮೇಷ್ಟ್ರೊಬ್ಬರಿಂದ ಹಳೆಯ ಬಿಳಿ ಕಾರೊಂದನ್ನು ತಂದ. ಅದರ ವಯಸ್ಸು ಇಪ್ಪತ್ತು ದಾಟಿತ್ತು. ಆದರೂ ಸೀಟು ತಗ್ಗಿನಲ್ಲಿತ್ತು. ಗಿರಿಯಮ್ಮ ಬಾಗಿಲು ಹಿಡಿದು ಕೂತು, ಆಮೇಲೆ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಳ್ಳಬಹುದಿತ್ತು.

ಅದೇ ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು. ‘ಆ ಬೋರ್ ನೀರು ಕುಡಿಯೋದು ಬಿಡ್ರಿ’ ಎಂದು. ಚಿತ್ರಲಿಂಗಪ್ಪ ತಲೆಯಾಡಿಸಿದ್ದ. ಬೀಡಿ ಬಿಡ್ರಿ, ಉಪ್ಪು ಕಮ್ಮಿ ಮಾಡ್ರಿ ಎನ್ನುವ ಹಾಗೆ ಡಾಕ್ಟರುಗಳು ಬಾಯಿಚಪಲಕ್ಕೆ ಹೇಳುವ ಮಾತುಗಳಿರುತ್ತವಲ್ಲ, ಅಂಥದ್ದೇ ಇದೂ ಒಂದು ಎಂದು ಆಸ್ಪತ್ರೆಯ ಗೇಟಿನಲ್ಲೇ ಅದನ್ನು ಬಿಟ್ಟು ಬಂದಿದ್ದ.

ಕಾರಿಗೆ ದಿನಾ ಬೆಳಗ್ಗೆ ಒಂದು ಚೊಂಬು ನೀರು ಬೇಕಾಗುತ್ತಿತ್ತು. ಊರಿಗೆಲ್ಲ ನೀರು ಬಿಡುವವನಿಗೆ ನೀರಿಗೇನು ಬರ. ರೇಡಿಯೇಟರಿನ ಮುಚ್ಚಳ ತೆಗೆದು ನಲ್ಲಿ ನೀರನ್ನೇ ಹೊಯ್ಯುತ್ತಿದ್ದ. ಕೆಲವು ತಿಂಗಳು ಕಾರು ಸಹಿಸಿಕೊಂಡಿತು. ಒಂದು ದಿನ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಹೆದ್ದಾರಿಯ ಏರಿನಲ್ಲಿ, ಮುಂದಿನಿಂದ ಬಿಳಿ ಹೊಗೆ ಎದ್ದಿತು. ಗಿರಿಯಮ್ಮ ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಕಾಲು ಚಾಚಿ ಕೂತಳು. ಲಾರಿಗಳು ಧೂಳೆಬ್ಬಿಸಿಕೊಂಡು ಹೋದವು. ಕಾರನ್ನು ಹಗ್ಗ ಕಟ್ಟಿ ಹಿರಿಯೂರಿಗೆ ಎಳೆಸಿಕೊಂಡು ಬರಬೇಕಾಯಿತು.

ಹಿರಿಯೂರಿನ ಮೆಕ್ಯಾನಿಕ್ ಮೋಹನ್‌ಕುಮಾರ್ ರೇಡಿಯೇಟರ್ ಬಿಚ್ಚಿ, ಒಳಗಿನಿಂದ ಬಿಳಿ ಚಕ್ಕೆಗಳನ್ನು ಕೆರೆದು ಅಂಗೈಯಲ್ಲಿ ಹಿಡಿದ.

‘ಇದೇನು ಸಾಕಿದ್ದೀಯಪ್ಪ ಒಳಗೆ? ಸುಣ್ಣದ ಗೂಡು ಮಾಡಿದ್ದೀಯ. ಯಾವ ನೀರು ಹಾಕ್ತಿದ್ದೆ?’

‘ನಮ್ಮೂರ ನಲ್ಲಿ ನೀರು ಕಣಣ್ಣ. ಚೆನ್ನಾಗೈತೆ, ನಾವೆಲ್ಲ ಅದ್ನೇ ಕುಡಿಯಾದು.’

‘ನೀವು ಕುಡ್ಕಳ್ರಿ, ಬ್ಯಾಡ ಅಂದೋರು ಯಾರು. ಇದಕ್ಕೆ ಹಾಕ್ಬೇಡ. ಇನ್ನೊಂದು ಸಲ ಹಿಂಗೆ ಕುದೀತು ಅಂದ್ರೆ ಇಂಜಿನ್ ಹೋಗ್ತೈತೆ. ಆಮೇಲೆ ನನ್ನತ್ರ ತರಬೇಡ, ಸೀದಾ ಗುಜರಿಗೆ ಒಯ್ದುಬಿಡು. ಇಂಜಿನ್ ತಣ್ಣಗಿಡೋ ಒಳ್ಳೆ ಕೂಲೆಂಟ್ ತಂದು, ಸುಣ್ಣ ಇಲ್ಲದ ಬ್ಯಾಟ್ರಿ ನೀರಲ್ಲಿ ಬೆರೆಸಿ ಹಾಕು.’

ಕಾರು ಗುಜರಿಗೆ ಹೋದರೆ ಗಿರಿಯಮ್ಮ ಮತ್ತೆ ಗೋಡೆಗೆ ಮುಖ ತಿರುಗಿಸುತ್ತಾಳೆ. ಈ ಸಲ ಚಿತ್ರಲಿಂಗಪ್ಪ ಒಂದು ಮಾತನ್ನೂ ಗೇಟಿನಲ್ಲಿ ಬಿಟ್ಟು ಬರಲಿಲ್ಲ.

ಯಾವ ಕೂಲೆಂಟ್ ಎಂಬ ಪ್ರಶ್ನೆಯನ್ನು ಅವನು ಊರಿನ ಹೋಟೆಲಿನ ಬೆಂಚಿನ ಮೇಲೆ ಇಟ್ಟದ್ದೇ ತಪ್ಪಾಯಿತು. ತಮ್ಮ ನಲ್ಲಿಯ ನೀರಿನಲ್ಲಿ ಏನಿದೆ ಎಂದು ಇಷ್ಟು ವರ್ಷ ಕೇಳದವರೆಲ್ಲ ಅವನ ರೇಡಿಯೇಟರಿನ ನೀರಿನ ಬಗ್ಗೆ ಪಂಡಿತರಾದರು. ಒಬ್ಬ ಹಸಿರು ಹಾಕು ಎಂದ. ಇನ್ನೊಬ್ಬ, ಹಸಿರು ಹಾಕಿದರೆ ನೀನು ಯಾವ ಪಕ್ಷ ಅಂತ ಗೊತ್ತಾಗುತ್ತೆ, ಕೇಸರಿ ಹಾಕು ಎಂದ. ಹೊಸದುರ್ಗದಲ್ಲಿದ್ದ ಭಾಮೈದ ಫೋನಿನಲ್ಲಿ, ತನ್ನ ಹೊಸ ಕಾರಿಗೆ ಕೆಂಪು ಹಾಕುತ್ತಾರೆಂದೂ, ಕೆಂಪಿಗೆ ಬೆಲೆ ಜಾಸ್ತಿಯಾದ್ದರಿಂದ ಅದೇ ಶ್ರೇಷ್ಠವೆಂದೂ ತಿಳಿಸಿದ. ಮೂರೂ ಸ್ವಲ್ಪ ಸ್ವಲ್ಪ ಹಾಕಿದರೆ ಮೂರರ ಗುಣವೂ ಬರುತ್ತದೆಂದು ಸೊಸೈಟಿಯ ಕಾರ್ಯದರ್ಶಿ ಸಮನ್ವಯ ಸಾಧಿಸಿದರು. ಕೂಲೆಂಟನ್ನು ಕಣ್ಣಿಂದ ಕಂಡವರು ಆ ಬೆಂಚಿನಲ್ಲಿ ಯಾರೂ ಇರಲಿಲ್ಲ.

ಹಿರಿಯೂರಿನಲ್ಲಿ ಬಿಡಿಭಾಗದ ಅಂಗಡಿ ನಡೆಸುವ ಮೀನಾಕ್ಷಿ ಗಿರಾಕಿಗಳನ್ನು ಓಲೈಸುವ ಹೆಂಗಸಲ್ಲ. ‘ಯಾವ ಬಣ್ಣ ಒಳ್ಳೇದು?’ ಎಂದು ಚಿತ್ರಲಿಂಗಪ್ಪ ಕೇಳಿದಾಗ ಆಕೆ ಬಿಲ್ಲಿನಿಂದ ತಲೆ ಎತ್ತಿದಳು.

‘ಸೀರೆ ತಗಳಕ್ಕೆ ಬಂದೀರೇನು? ಬಣ್ಣ ಕಂಪ್ನಿಯವರು ತಮಗೆ ಬೇಕಾದಂಗೆ ಕಲಸ್ತಾರೆ, ಅದನ್ನ ನಂಬಬೇಡ್ರಿ. ಗಾಡಿ ಎಷ್ಟು ಹಳೇದು? ರೇಡಿಯೇಟರ್ ಹಿತ್ತಾಳೇದೋ, ಅಲ್ಯೂಮಿನಿಯಂದೋ?’

‘ಹಿತ್ತಾಳೆ ಅಂದ್ರಮ್ಮ, ಮೆಕ್ಯಾನಿಕ್ಕು.’

‘ಹಂಗಾದ್ರೆ ಹಳೆ ಕಾಲದ ನಮೂನೆದೇ ಹಾಕ್ರಿ. ಹೊಸ ಗಾಡಿಗೆ ಬರೋ ಐದು ವರ್ಷ ಬಾಳೋದು ಹಿತ್ತಾಳೆ ಬೆಸುಗೆಗೆ ಹೊಂದಲ್ಲ. ಇದನ್ನ ಎರಡು ವರ್ಷಕ್ಕೊಂದು ಸಲ ಬದಲಾಯಿಸ್ಬೇಕು. ಡಬ್ಬಿ ಹಿಂದೆ ಯಾವ ಗಾಡಿಗೆ ಅಂತ ಬರ್ದಿರ್ತಾರೆ, ಓದಿಸ್ಕಳ್ರಿ. ಒಳಗಿರೋದು ಪೂರಾ ತೆಗೆದು ತೊಳೆದು, ಇದು ಅರ್ಧ, ಈ ಕ್ಯಾನಿನ ಬ್ಯಾಟ್ರಿ ನೀರು ಅರ್ಧ. ಕುಡಿಯೋಕಲ್ಲ ಮತ್ತೆ ಇದು. ಎರಡು ಜಾತಿ ಕೂಲೆಂಟ್ ಬೆರೆಸಿದ್ರೆ ಒಳಗೆ ಗಂಜಿ ಆಗ್ತೈತೆ, ಹೇಳಿರ್ತೀನಿ. ಇಂಜಿನ್ ಬಿಸಿ ಇದ್ದಾಗ ಮುಚ್ಚಳಕ್ಕೆ ಕೈ ಹಾಕಬೇಡ್ರಿ, ಮುಖ ಸುಡ್ತೈತೆ.’

ಜಾತಿ ಬೆರೆಸಬಾರದೆಂಬ ಮಾತನ್ನು ಹುಟ್ಟಿದಾಗಿನಿಂದ ಕೇಳಿಸಿಕೊಂಡು ಬಂದ ಚಿತ್ರಲಿಂಗಪ್ಪನಿಗೆ ಅದಕ್ಕೊಂದು ಕಾರಣ ಸಿಕ್ಕಿದ್ದು ಇದೇ ಮೊದಲು.

ಅವಳು ಹೇಳಿದ ಹಾಗೇ ಮಾಡಿದ. ಕಾರು ತಣ್ಣಗೆ ಓಡಿತು. ಗಿರಿಯಮ್ಮ ಎರಡು ವಾರ ತಪ್ಪದೆ ಆಸ್ಪತ್ರೆಗೆ ಹೋಗಿಬಂದಳು. ಮಿಕ್ಕ ಕ್ಯಾನಿನ ನೀರನ್ನು ಚಿತ್ರಲಿಂಗಪ್ಪ ದೇವರ ಗೂಡಿನ ಕೆಳಗೆ, ಬಿಸಿಲು ತಾಗದ ಹಾಗೆ, ಬಟ್ಟೆ ಮುಚ್ಚಿ ಇಟ್ಟಿದ್ದ. ಮನೆಗೆ ಬಂದ ಸೊಸೆಗೂ ಅಷ್ಟು ಜೋಪಾನ ಸಿಗುವುದಿಲ್ಲ.

ಒಂದು ಸಂಜೆ ಅವನು ವಾಲ್ವ್ ತಿರುಗಿಸಿ ಮನೆಗೆ ಬಂದಾಗ ಸಾರಿನ ವಾಸನೆ ಬೀದಿಗೇ ಬಂದಿತ್ತು. ಗಿರಿಯಮ್ಮ ಬಡಿಸಿದಳು. ಬೇಳೆ ಬೆಣ್ಣೆಯ ಹಾಗೆ ಕರಗಿತ್ತು. ಕೆಂಚನಹಟ್ಟಿಯಲ್ಲಿ ತೊಗರಿಬೇಳೆ ಬೇಯುವುದೆಂದರೆ ಸಾಮಾನ್ಯವಲ್ಲ. ಸೋಡಾಪುಡಿ ಹಾಕಿ, ಒಂದು ಹೊರೆ ಸೌದೆ ಉರಿಸಿದರೂ ಅದು ಹಲ್ಲಿಗೆ ಸಿಗುತ್ತದೆ.

‘ಏನು ಹಾಕಿದ್ದೀಯೇ ಇದಕ್ಕೆ?’

‘ನಿಮ್ಮ ಕಾರಿನ ನೀರು.’

ಚಿತ್ರಲಿಂಗಪ್ಪ ತುತ್ತು ಬಿಟ್ಟು ಎದ್ದು ನೋಡಿದ. ಕ್ಯಾನು ಬರಿದಾಗಿತ್ತು.

‘ಲೇ, ಅದು ತಿನ್ನಾಕಲ್ಲ ಕಣೇ. ಕ್ಯಾನು ಎಂಥದ್ದೋ ಏನೋ. ಅಂಗಡಿಯಮ್ಮ ಕುಡೀಬಾರ್ದು ಅಂದವ್ಳೆ.’

‘ಅಂಗಡಿಯಮ್ಮ ಅಂದಿದ್ದು ಕೇಳುಸ್ತು. ಡಾಕ್ಟ್ರು ಅಂದಿದ್ದು ಕೇಳುಸ್ಲಿಲ್ಲ.’ ಗಿರಿಯಮ್ಮ ಸೌಟು ಕೆಳಗಿಟ್ಟಳು. ‘ಡಾಕ್ಟ್ರೂ ಮೆಕ್ಯಾನಿಕ್ಕೂ ಒಂದೇ ಮಾತು ಹೇಳಿದ್ರು, ಆ ನಲ್ಲಿ ನೀರು ಬ್ಯಾಡ ಅಂತ. ಕಾರಿಗೆ ಮಾರನೇ ದಿನವೇ ಬಂತು ಕ್ಯಾನು. ನಾನು ಡಾಕ್ಟ್ರು ಬ್ಯಾಡ ಅಂದ ಮೇಲೂ ಅದೇ ನೀರು ಕುಡೀತಿದ್ದೀನಿ. ನಂಗೂ ಒಂದು ಮುಚ್ಚಳ ಇದ್ದಿದ್ರೆ ತೆಗೆದು ನೋಡ್ತಿದ್ರೇನೋ.’

ಬೇಳೆ ಬೆಂದ ಸುದ್ದಿ ಮಾರನೆಯ ಬೆಳಗ್ಗೆ ನಲ್ಲಿಯ ಸಾಲಿಗೆ ಮುಟ್ಟಿತ್ತು. ‘ಕಾರಿನ ನೀರು ಒಂದು ತಂಬಿಗೆ ಐತೇನಣ್ಣ, ಹಬ್ಬಕ್ಕೆ ಹೂರಣ ಮಾಡ್ಬೇಕು’ ಎಂದು ಹೆಂಗಸರು ಬಾಗಿಲಿಗೆ ಬಂದರು. ಇಷ್ಟು ದಿನ ನೀರು ಬರಲಿಲ್ಲ ಎಂದು ಬೈಯುತ್ತಿದ್ದವರು ಈಗ ಎಂಥ ನೀರು ಬರುತ್ತಿದೆ ಎಂದು ಬೈಯಲು ಶುರುಮಾಡಿದರು. ನಲ್ಲಿಯ ಸಾಲಿನ ಹಿರಿಯಳು ಬೊಮ್ಮಕ್ಕ. ಅವಳ ಸೊಂಟ ಬಾಗಿ ಎಷ್ಟೋ ವರ್ಷವಾಗಿತ್ತು, ಬಾಯಿ ಬಾಗಿರಲಿಲ್ಲ.

ಆ ವರ್ಷದ ತಪಾಸಣೆ ಎಂದಿನಂಥದ್ದಲ್ಲ. ಶುದ್ಧ ನೀರಿನ ಗ್ರಾಮ ಎಂಬ ಪ್ರಶಸ್ತಿಗೆ ಪಂಚಾಯತಿ ಅಧ್ಯಕ್ಷ ಪರಮೇಶ್ ಅರ್ಜಿ ಹಾಕಿದ್ದ. ಇಂಜಿನಿಯರ್ ಸಾಹೇಬರು ಬಂದದ್ದು ಗಿರಿಯಮ್ಮನ ಆಸ್ಪತ್ರೆಯ ದಿನವೇ. ಫೋಟೋ ಮುಗಿಸಿ ಸೀದಾ ಹೊರಡೋಣವೆಂದು ಚಿತ್ರಲಿಂಗಪ್ಪ ಅವಳನ್ನು ಕಾರಿನಲ್ಲಿ ಕೂರಿಸಿ, ಕಾರನ್ನು ಶಾಲೆಯ ಮುಂದೆಯೇ ನಿಲ್ಲಿಸಿದ್ದ. ಕುರ್ಚಿ, ಮೇಜು, ಹಾರ, ಚೊಂಬು ಎಲ್ಲವೂ ಸಿದ್ಧವಾಗಿದ್ದವು. ಅವನು ಚೊಂಬು ತುಂಬಿಸಿ ಬಾಯಿಗೆತ್ತಬೇಕು, ಆಗ ಬೊಮ್ಮಕ್ಕ ಹೆಂಗಸರ ಗುಂಪಿನಿಂದ ಮುಂದೆ ಬಂದಳು.

‘ತಡಿಯಲೇ ಚಿತ್ರಲಿಂಗ. ನೀನು ಕುಡಿಯಾದು ನಾವು ನೋಡಿ ಸಾಕಾಗೈತೆ. ಅದನ್ನ ಕಾರಿಗೆ ಹುಯ್ಯಿ.’

ಇಂಜಿನಿಯರರು ಮುಗುಳ್ನಕ್ಕು ಅಧ್ಯಕ್ಷನ ಕಡೆ ನೋಡಿದರು. ‘ಏನಂತಾರೆ ಈ ಅಜ್ಜಿ?’

‘ಏನಿಲ್ಲ ಸರ್, ಹಳೇ ಕಾಲದೋರು’ ಎಂದ ಪರಮೇಶ್.

‘ಹಳೇ ಕಾಲದೋಳೇ ಕಣಪ್ಪ. ಅದಕ್ಕೇ ಕೇಳ್ತಿದ್ದೀನಿ. ನೀರು ಚೆನ್ನಾಗಿದ್ರೆ ಒಂದು ಚೊಂಬು ಹುಯ್ದು ತೋರಿಸ್ಲಿ. ಇವನು ಹಿರಿಯೂರಿಂದ ಕಾರಿಗೆ ನೀರು ತರ್ತಾನೆ ಸ್ವಾಮಿ, ಕ್ಯಾನಲ್ಲಿ. ಊರಿಗೆ ನೀರು ಬಿಡೋನೇ.’

ಹಿಂದೆ ನಿಂತಿದ್ದವರು ನಕ್ಕರು. ಮೊಬೈಲುಗಳು ಮೇಲೆದ್ದವು. ಪರಮೇಶನ ಕಿವಿ ಕೆಂಪಾಯಿತು. ಅವನು ಚಿತ್ರಲಿಂಗಪ್ಪನ ಪಕ್ಕಕ್ಕೆ ಬಂದು ಹಲ್ಲು ಕಚ್ಚಿಕೊಂಡು ಹೇಳಿದ, ‘ಹುಯ್ಯಲೇ ಅತ್ಲಾಗೆ. ಒಂದು ಚೊಂಬಿಗೆ ಏನಾಗ್ತೈತೆ. ಊರಿನ ಮರ್ಯಾದೆ ಪ್ರಶ್ನೆ.’

ಚಿತ್ರಲಿಂಗಪ್ಪ ಕಾರಿನ ಹತ್ತಿರ ಹೋದ. ಬಾನೆಟ್ ಎತ್ತಿದ. ಒಂದು ಚೊಂಬಿನಿಂದ ಇಂಜಿನ್ ಅಲ್ಲೇ ಸಾಯುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಆದರೆ ಅದು ಒಂದು ಚೊಂಬಿಗೆ ನಿಲ್ಲುವ ಮಾತಲ್ಲ ಎನ್ನುವುದೂ ಗೊತ್ತಿತ್ತು. ಇವತ್ತು ಹೊಯ್ದರೆ ನಾಳೆಯಿಂದ ಕ್ಯಾನು ತರುವ ಹಾಗಿಲ್ಲ. ಊರಿನ ಮರ್ಯಾದೆ ದಿನಕ್ಕೊಂದು ಚೊಂಬು ಕೇಳುತ್ತದೆ. ಗಾಜಿನ ಆಚೆ ಗಿರಿಯಮ್ಮ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು.

ಅವನು ಬಾನೆಟ್ ಇಳಿಸಿದ.

‘ಆಗಲ್ಲ ಅಧ್ಯಕ್ರೆ. ಈ ನೀರು ಹಾಕಿದ್ರೆ ಗಾಡಿ ಕೆಡ್ತೈತೆ.’

ಇಂಜಿನಿಯರರಿಗೆ ಹೊತ್ತಾಗುತ್ತಿತ್ತು. ‘ಆಯ್ತಪ್ಪ, ಗಾಡಿ ವಿಷಯ ಬಿಡು. ಗಾಡಿಯ ಮಾನದಂಡ ಬೇರೆ, ಮನುಷ್ಯರ ಮಾನದಂಡ ಬೇರೆ. ನೀನು ಕುಡಿ, ಒಂದು ಫೋಟೋ ತಗೊಂಡು ಮುಗಿಸೋಣ.’

‘ಕುಡೀತೀನಿ ಸರ್, ಅದಕ್ಕೇನಂತೆ’ ಎಂದು ಚಿತ್ರಲಿಂಗಪ್ಪ ಚೊಂಬು ಎತ್ತಿಯೇಬಿಟ್ಟ. ಅಭ್ಯಾಸಬಲ. ಕಾರಿಗೆ ಆಗದ್ದು ತನಗೆ ಆಗುತ್ತದೆ ಎನ್ನುವುದರಲ್ಲಿ ಆ ಕ್ಷಣಕ್ಕೂ ಅವನಿಗೆ ಸಂಶಯ ಬರಲಿಲ್ಲ. ಈ ದೇಶದಲ್ಲಿ ಬಡವನನ್ನು ಬೇರೆಯವರು ಅಗ್ಗವೆಂದು ತಿಳಿದಿರುವುದು ಹಾಗಿರಲಿ, ಅವನೇ ತನ್ನನ್ನು ಅಗ್ಗವೆಂದು ತಿಳಿದಿರುತ್ತಾನೆ, ಇಂಥ ತಪಾಸಣೆಗಳು ನಡೆಯುವುದೇ ಆ ಧೈರ್ಯದ ಮೇಲೆ.

‘ಕೆಳಗಿಡ್ರಿ ಅದನ್ನ’ ಎಂದಳು ಗಿರಿಯಮ್ಮ, ಕಾರಿನೊಳಗಿನಿಂದ. ದನಿ ಜೋರಿರಲಿಲ್ಲ. ‘ಕಾರನ್ನ ಗುಜರಿಗೆ ಹಾಕಬಹುದು. ನಿಮ್ಮನ್ನ ಎಲ್ಲಿಗೆ ಹಾಕಲಿ ನಾನು?’

ಚಿತ್ರಲಿಂಗಪ್ಪ ಚೊಂಬಿನೊಳಗೆ ನೋಡಿದ. ನೀರು ತಿಳಿಯಾಗಿತ್ತು, ತಳ ಕಾಣುತ್ತಿತ್ತು. ಅವನು ಅದನ್ನು ಸಾಹೇಬರ ಮುಂದಿನ ಮೇಜಿನ ಮೇಲೆ, ಅವರ ಬಾಟಲಿಯ ಪಕ್ಕದಲ್ಲಿ ಇಟ್ಟು, ‘ನೀವೇ ಕುಡೀರಿ ಸರ್, ನಮಗೆ ಆಸ್ಪತ್ರೆಗೆ ಹೊತ್ತಾಗೈತೆ’ ಎಂದು ಕಾರು ಹತ್ತಿ ಹೊರಟುಬಿಟ್ಟ. ಆ ಚೊಂಬನ್ನು ಯಾರೂ ಮುಟ್ಟಲಿಲ್ಲವಂತೆ.

ಸರ್ಕಾರ ಸುಮ್ಮನೆ ಕೂರಲಿಲ್ಲ. ಕೆಲವು ದಿನಗಳಲ್ಲಿ ಮೇಲಿನಿಂದ ವರದಿ ಬಂತು. ಅದರ ಜೊತೆ ಟ್ಯಾಂಕಿಗೆ ತೂಗುಹಾಕಲು ಒಂದು ಫಲಕವೂ ಬಂತು. ನೀಲಿ ಬಣ್ಣದ ತಗಡಿನ ಮೇಲೆ ಬಿಳಿ ಅಕ್ಷರದಲ್ಲಿ ಚೆಂದಾಗಿ ಬರೆಸಿದ್ದರು: ‘ಈ ನೀರು ಕುಡಿಯಲು ಮಾತ್ರ. ವಾಹನಗಳಿಗೆ ಬಳಸುವುದನ್ನು ನಿಷೇಧಿಸಲಾಗಿದೆ.’

ಪರಮೇಶ್ ಅದನ್ನು ಮೊಳೆ ಹೊಡೆದು ಹಾಕೆಂದು ಚಿತ್ರಲಿಂಗಪ್ಪನಿಗೆ ಕೊಟ್ಟ. ಚಿತ್ರಲಿಂಗಪ್ಪ ಎರಡು ಸಲ ಓದಿದ. ಆಮೇಲೆ ಫಲಕವನ್ನೂ ಸುತ್ತಿಗೆಯನ್ನೂ ಅಧ್ಯಕ್ಷನ ಕೈಗೇ ಕೊಟ್ಟು, ಅವುಗಳ ಮೇಲೆ ವಾಲ್ವಿನ ಕೀಲಿಯನ್ನೂ ಇಟ್ಟ. ‘ನೀವೇ ಹೊಡೀರಿ. ಓದಕ್ಕೆ ಬರೋನಿಗೆ ಈ ಕೆಲಸ ಆಗಲ್ಲ.’

ಹೀಗೆ ಕೆಂಚನಹಟ್ಟಿಯ ನೀರುಗಂಟಿ ಕೆಲಸ ಬಿಟ್ಟ. ಪ್ರಶಸ್ತಿ ಮಾತ್ರ ಊರಿಗೆ ಬಂದೇಬಂತು. ಚಿತ್ರದುರ್ಗದಲ್ಲಿ ಸಮಾರಂಭ, ಹಾರ, ಶಾಲು. ಹೊರಡುವ ಹಿಂದಿನ ದಿನ ಅಧ್ಯಕ್ಷನ ಜೀಪಿನ ಚಾಲಕ ತಿಮ್ಮೇಶ್ ಚಿತ್ರಲಿಂಗಪ್ಪನ ಜಗಲಿಗೆ ಬಂದು, ಸುತ್ತ ನೋಡಿ, ಮೆಲ್ಲಗೆ ಕೇಳಿದ.

‘ಮಾವ, ನಮ್ಮ ಜೀಪೂ ಹಳೇದು. ಏರಲ್ಲಿ ಬಿಸಿ ಆಗ್ತೈತೆ. ಯಾವ ಕೂಲೆಂಟ್ ಹಾಕ್ಬೇಕು, ಯಾವ ನೀರು ಬೆರೆಸ್ಬೇಕು ಅಂತ ಕೇಳ್ಕಂಡು ಬಾ ಅಂದ್ರು.’

‘ಯಾರು ಅಂದ್ರು?’

‘ಅಧ್ಯಕ್ರು.’

ಚಿತ್ರಲಿಂಗಪ್ಪ ನಗಲಿಲ್ಲ. ಮೀನಾಕ್ಷಿ ಹೇಳಿದ್ದನ್ನೆಲ್ಲ ಬಿಡದೆ ಹೇಳಿದ. ಬಣ್ಣ ನೋಡಬೇಡ, ಹಿತ್ತಾಳೆಯೋ ಅಲ್ಲವೋ ನೋಡು, ಹಳೆಯದನ್ನು ಪೂರಾ ತೆಗೆ, ಬೆರೆಸಬೇಡ, ಬಿಸಿ ಇದ್ದಾಗ ಮುಚ್ಚಳ ತೆಗೆಯಬೇಡ. ನಮ್ಮೂರ ನೀರು ಒಂದು ಹನಿಯೂ ಒಳಗೆ ಹೋಗಬಾರದು ಎಂದ. ಜಗಲಿಯ ಇನ್ನೊಂದು ತುದಿಯಲ್ಲಿ ಗಿರಿಯಮ್ಮನೊಂದಿಗೆ ಅವರೆಕಾಯಿ ಬಿಡಿಸುತ್ತಿದ್ದ ಬೊಮ್ಮಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಸೆರಗು ಕೊಡವಿ ಎದ್ದು ಹೋದಳು.

ಬೆಳಗ್ಗೆ ಪರಮೇಶ್ ಗರಿಗರಿ ಬಿಳಿ ಅಂಗಿ ತೊಟ್ಟು ಪಂಚಾಯತಿ ಕಚೇರಿಯಿಂದ ಹೊರಗೆ ಬಂದರೆ, ಜೀಪಿನ ಮುಂದೆ ಕೊಡಗಳ ಸಾಲು. ತಾಮ್ರದವು, ಪ್ಲಾಸ್ಟಿಕ್ಕಿನವು, ಸೊಟ್ಟಗಾದ ಸ್ಟೀಲಿನವು. ಎಲ್ಲವೂ ಖಾಲಿ. ಹಿಂದೆ ಹೆಂಗಸರು ನೆಲದ ಮೇಲೆ ಕೂತಿದ್ದರು.

‘ಏನ್ರಮ್ಮ ಇದು, ಎದ್ದೇಳ್ರಿ, ಹೊತ್ತಾಗ್ತೈತೆ.’

‘ಎದ್ದೇಳ್ತೀವಪ್ಪ’ ಎಂದಳು ಬೊಮ್ಮಕ್ಕ. ‘ನಿನ್ನ ಜೀಪಿಗೆ ಏನು ಹುಯ್ದಿದ್ದೀಯೋ, ಅದ್ನೇ ಇದಕ್ಕೂ ಹುಯ್ಯಿ.’

ಪರಮೇಶ್ ಜೀಪನ್ನು ಹಿಂದಕ್ಕೆ ತೆಗೆಯುವಂತೆ ತಿಮ್ಮೇಶನಿಗೆ ಸನ್ನೆ ಮಾಡಿದ. ಅಷ್ಟರಲ್ಲಿ ಹಳೆಯ ಬಿಳಿ ಕಾರು ಬಂದು ಜೀಪಿನ ಹಿಂದೆ ಅಡ್ಡಲಾಗಿ ನಿಂತಿತು. ಚಿತ್ರಲಿಂಗಪ್ಪ ಇಳಿದು ಆ ಬದಿಯ ಬಾಗಿಲು ತೆಗೆದ. ಕೆಳಗೆ ಕೂರಲಾಗದ ಗಿರಿಯಮ್ಮ ಸೀಟಿನಲ್ಲೇ ತಿರುಗಿ, ಕಾಲುಗಳನ್ನು ಒಂದೊಂದಾಗಿ ಹೊರಗಿಟ್ಟು, ತನ್ನ ಕೊಡವನ್ನು ಮಡಿಲಲ್ಲಿ ಇರಿಸಿಕೊಂಡಳು.

‘ಚಿತ್ರಲಿಂಗಪ್ಪ, ಗಾಡಿ ತೆಗೀತೀಯೋ ಇಲ್ಲೋ? ಪ್ರಶಸ್ತಿಗೆ ಹೋಗ್ಬೇಕು ನಾನು.’

ಚಿತ್ರಲಿಂಗಪ್ಪ ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹೆಂಡತಿಯ ಕಾಲ ಬಳಿ ನೆಲದ ಮೇಲೆ ಕೂತ.

‘ಇಂಜಿನ್ ಬಿಸಿ ಆಗೈತೆ ಅಧ್ಯಕ್ರೆ’ ಎಂದ. ‘ಆರೋ ತನಕ ನೀವೂ ಕುಂತ್ಕಳ್ರಿ.’